ಉದ್ಯೋಗ ಸಂದರ್ಶನ : ಸಿದ್ಧತೆ ಮತ್ತು ಸಿದ್ಧಿ

ವಿದ್ಯೆಯ ಗುರಿ ಕೇವಲ ಉದರಪೋಷಣೆಯಲ್ಲವೆಂಬುದು ದಿಟ. ಆದರೆ ಉದರಪೋಷಣೆಯನ್ನು ಸಂಪೂರ್ಣವಾಗಿ ಮರೆತ ವಿದ್ಯೆಯನ್ನು ಜೋಗೇಶ್ವರಿಯ ನಮ್ಮ ಚಾಳುಗಳ ಯಾವ ಸಂಸಾರವೂ ಬಹುಕಾಲ ಸಾಕಲಾರದು. ಇಂದು ನಮ್ಮ ಶಾಲೆಯ ಬೆಂಚುಗಳ ಮೇಲೆ ಕುಳಿತಿರುವ ಬಾಲಕ ಬಾಲಿಕೆಯರಲ್ಲಿ ಹೆಚ್ಚಿನವರು ಇನ್ನು ಕೆಲವೇ ವರ್ಷಗಳಲ್ಲಿ ಯಾವುದಾದರೊಂದು ಕಚೇರಿಯ, ಕಾರ್ಖಾನೆಯ ಅಥವಾ ಬ್ಯಾಂಕಿನ ಹೊರಕೋಣೆಯಲ್ಲಿ ಕಡತವೊಂದನ್ನು ಕೈಯಲ್ಲಿ ಹಿಡಿದು, ತಮ್ಮ ಹೆಸರಿನ ಕರೆಯನ್ನು ಎದುರುನೋಡುತ್ತ ಕುಳಿತಿರುವರು. ಒಳಗೆ ಕಳೆಯುವ ಕಾಲ ಹದಿನೈದು ಇಪ್ಪತ್ತು ನಿಮಿಷ ಮಾತ್ರ. ಆದರೆ ಹದಿನೈದು ವರ್ಷಗಳ ವ್ಯಾಸಂಗದ ಫಲ, ತಂದೆತಾಯಿಗಳ ನಿರೀಕ್ಷೆ, ತಮ್ಮ ತಂಗಿಯರ ಮುಂದಿನ ಓದು ಇವೆಲ್ಲವೂ ಆ ಇಪ್ಪತ್ತು ನಿಮಿಷಗಳನ್ನು ಅವಲಂಬಿಸಿರುವುದುಂಟು.

‘ಕನ್ನಡ ಶಾಲೆಯಲ್ಲಿ ಓದಿದವರು ಸಂದರ್ಶನದಲ್ಲಿ ಬಾಯಿ ತೆರೆಯಲಾರರು’ ಎಂಬ ಮಾತು ನಮ್ಮವರ ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ. ಈ ಭೀತಿಯಿಂದಲೇ ಮಕ್ಕಳನ್ನು ಕನ್ನಡ ಶಾಲೆಯಿಂದ ಬಿಡಿಸಿದ ಪಾಲಕರೂ ಇರುವರು. ಈ ಮಾತಿನಲ್ಲಿ ಸತ್ಯವೆಷ್ಟು, ಭ್ರಮೆಯೆಷ್ಟು ಎಂಬುದನ್ನು ವಿವೇಚಿಸಿ, ಸಂದರ್ಶನಕ್ಕೆ ಅಣಿಯಾಗುವ ಕ್ರಮವನ್ನು ಪಾಠರೂಪದಲ್ಲಿ ತಿಳಿಸುವುದೇ ಈ ಲೇಖನದ ಉದ್ದೇಶ. ನಮ್ಮ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುವುದು ಲೇಸು: ನಮ್ಮ ವಿದ್ಯಾರ್ಥಿಗಳು ಸಂದರ್ಶನದಲ್ಲಿ ಸೋಲುವುದು ಯೋಗ್ಯತೆಯ ಕೊರತೆಯಿಂದಲ್ಲ, ತಮ್ಮಲ್ಲಿರುವ ಯೋಗ್ಯತೆಯನ್ನು ಸಂಕೋಚದಿಂದ ಮುಚ್ಚಿಡುವುದರಿಂದ.

೧. ಸಂದರ್ಶನವೆಂದರೇನು?

ದರ್ಶನವೆಂದರೆ ನೋಡುವುದು, ಸಂದರ್ಶನವೆಂದರೆ ಚೆನ್ನಾಗಿ ನೋಡುವುದು. ಉಮೇದುವಾರನು ಏನನ್ನು ಕಲಿತಿರುವನೆಂಬುದನ್ನು ಲಿಖಿತ ಪರೀಕ್ಷೆಯು ಅಳೆಯುತ್ತದೆ. ಕಲಿತುದನ್ನು ಅವನು ಹೇಗೆ ಬಳಸುವನು, ಇತರರೊಡನೆ ಹೇಗೆ ವರ್ತಿಸುವನು, ಅವನ ಮಾತನ್ನು ನಂಬಬಹುದೇ ಎಂಬುದನ್ನು ಅರಿಯಲು ಸಂದರ್ಶನವನ್ನು ಏರ್ಪಡಿಸುತ್ತಾರೆ.

ಯೋಗ್ಯತೆಯನ್ನು ಪರೀಕ್ಷಿಸಿ ಕೆಲಸ ಕೊಡುವ ಪದ್ಧತಿ ಹೊಸದಲ್ಲ. ಚೀನಾ ದೇಶದಲ್ಲಿ ಅಧಿಕಾರಿಗಳನ್ನು ಆರಿಸಲು ಶತಮಾನಗಳ ಕಾಲ ನಡೆದುಬಂದ ಪರೀಕ್ಷೆಗಳು ೧೯೦೫ರಲ್ಲಿ ಕೊನೆಗೊಂಡವು. ಇಂಡಿಯನ್ ಸಿವಿಲ್ ಸರ್ವಿಸಿಗೆ ಲಂಡನ್ನಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆ ಆರಂಭವಾದುದು ೧೮೫೫ರಲ್ಲಿ. ಅದರಲ್ಲಿ ಉತ್ತೀರ್ಣರಾದ ಮೊದಲ ಭಾರತೀಯರು ಸತ್ಯೇಂದ್ರನಾಥ ಠಾಕೂರರು, ೧೮೬೩ರಲ್ಲಿ. ನಮ್ಮ ನಾಡಿನ ಸರ್ ಎಂ. ವಿಶ್ವೇಶ್ವರಯ್ಯನವರು ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಇಂಜಿನಿಯರಿಂಗ್ ಪರೀಕ್ಷೆಯನ್ನು ಅಗ್ರಸ್ಥಾನದಲ್ಲಿ ಮುಗಿಸಿ, ಆ ಅರ್ಹತೆಯ ಬಲದಿಂದ ೧೮೮೪ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು.

ಅಂಕಗಳಷ್ಟೇ ಸಾಲವು, ಎದುರಿಗೆ ಕೂರಿಸಿ ನೋಡಬೇಕು ಎಂಬ ವಿಚಾರ ಇಪ್ಪತ್ತನೆಯ ಶತಮಾನದಲ್ಲಿ ಬಲಗೊಂಡಿತು. ಆದರೆ ಎದುರಿಗೆ ಕೂರಿಸಿಕೊಂಡು ಏನನ್ನು ಕೇಳಬೇಕೆಂಬುದರಲ್ಲಿ ಬಹುಕಾಲ ಗೊಂದಲವಿತ್ತು. ಕೆಲವರು ಮನಬಂದಂತೆ ಹರಟುವರು; ಕೆಲವರು ಮುಖಲಕ್ಷಣವನ್ನೂ ಉಡುಪನ್ನೂ ನೋಡಿ ನಿರ್ಣಯಿಸುವರು. ೧೯೯೮ರಲ್ಲಿ ಶ್ಮಿಟ್ ಮತ್ತು ಹಂಟರ್ ಎಂಬ ಅಮೆರಿಕದ ಇಬ್ಬರು ವಿದ್ವಾಂಸರು ಎಂಬತ್ತೈದು ವರ್ಷಗಳ ಸಂಶೋಧನೆಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ಎಲ್ಲ ಉಮೇದುವಾರರಿಗೂ ಮೊದಲೇ ಗೊತ್ತುಪಡಿಸಿದ ಪ್ರಶ್ನೆಗಳನ್ನು ಕೇಳುವ ಕ್ರಮಬದ್ಧ ಸಂದರ್ಶನವು, ಮನಬಂದಂತೆ ನಡೆಯುವ ಸಂದರ್ಶನಕ್ಕಿಂತ ಹೆಚ್ಚು ವಿಶ್ವಾಸಾರ್ಹವೆಂದು ಅವರಿಗೆ ಕಂಡುಬಂದಿತು. ಆದುದರಿಂದ ಇಂದಿನ ಒಳ್ಳೆಯ ಸಂಸ್ಥೆಗಳು ‘ನೀವು ಎಂತಹವರು?’ ಎಂದು ಕೇಳುವುದಕ್ಕಿಂತ ‘ನೀವು ಇದುವರೆಗೆ ಏನು ಮಾಡಿದ್ದೀರಿ? ಕಷ್ಟ ಬಂದಾಗ ಹೇಗೆ ನಡೆದುಕೊಂಡಿರಿ?’ ಎಂದು ಕೇಳುವುದೇ ಹೆಚ್ಚು. ಈ ಬದಲಾವಣೆಯು ನಮ್ಮ ವಿದ್ಯಾರ್ಥಿಗಳಿಗೆ ಅನುಕೂಲಕರವಾದುದು.

ಎಲ್ಲ ಕೆಲಸಗಳಿಗೂ ಸಂದರ್ಶನವಿರುವುದಿಲ್ಲವೆಂಬುದನ್ನೂ ಅರಿತಿರಬೇಕು. ಕೆಳಹಂತದ ನೌಕರಿಗಳಲ್ಲಿ ಸಂದರ್ಶನವು ಶಿಫಾರಸಿಗೂ ಲಂಚಕ್ಕೂ ಎಡೆಗೊಡುವುದೆಂಬ ಕಾರಣದಿಂದ, ಕೇಂದ್ರ ಸರ್ಕಾರವು ೨೦೧೬ನೆಯ ಜನವರಿ ೧ರಿಂದ ‘ಸಿ’ ಮತ್ತು ‘ಡಿ’ ವರ್ಗದ ಹುದ್ದೆಗಳಿಗೂ ಗೆಜೆಟೆಡ್ ಅಲ್ಲದ ‘ಬಿ’ ವರ್ಗದ ಹುದ್ದೆಗಳಿಗೂ ಸಂದರ್ಶನವನ್ನು ರದ್ದುಗೊಳಿಸಿತು. ಅಲ್ಲಿ ಲಿಖಿತ ಪರೀಕ್ಷೆಯೇ ಪ್ರಧಾನ. ಮೇಲ್ದರ್ಜೆಯ ನೇಮಕಗಳಲ್ಲಿಯಾದರೋ ಸಂದರ್ಶನ ಉಳಿದಿದೆ. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯ ಒಟ್ಟು ೨೦೨೫ ಅಂಕಗಳಲ್ಲಿ ೨೭೫ ಅಂಕಗಳು ವ್ಯಕ್ತಿತ್ವ ಪರೀಕ್ಷೆಗೆ ಮೀಸಲು. ಖಾಸಗಿ ಸಂಸ್ಥೆಗಳಲ್ಲಂತೂ ಸಣ್ಣ ಹುದ್ದೆಯಿಂದ ದೊಡ್ಡ ಹುದ್ದೆಯವರೆಗೆ ಸಂದರ್ಶನವಿಲ್ಲದೆ ನೇಮಕವಾಗುವುದು ವಿರಳ.

೨. ನಮ್ಮ ಹಿರಿಯರು ಹಿಡಿದ ದಾರಿ

ಮುಂಬಯಿಗೆ ಬಂದ ನಮ್ಮ ಹಿರಿಯರ ಬಾಳನ್ನು ಸ್ಮರಿಸಿದರೆ ಈ ವಿಷಯ ಇನ್ನಷ್ಟು ಸ್ಪಷ್ಟವಾಗುವುದು. ಕರಾವಳಿಯ ಹಳ್ಳಿಗಳಿಂದ ಬರಿಗೈಯಲ್ಲಿ ಬಂದ ಹುಡುಗರು ಉಡುಪಿ ಹೋಟೆಲುಗಳಲ್ಲಿ ಮೇಜು ಒರೆಸಿದರು, ತಟ್ಟೆ ಲೋಟ ತೊಳೆದರು, ಕಚೇರಿಗಳ ಕ್ಯಾಂಟೀನುಗಳಲ್ಲಿ ಚಹಾ ಹಂಚಿದರು. ಹಗಲೆಲ್ಲ ದುಡಿದು ರಾತ್ರಿ ಪುಸ್ತಕ ಹಿಡಿಯುವ ಇಂತಹವರಿಗಾಗಿಯೇ ಕನ್ನಡ ರಾತ್ರಿಶಾಲೆಗಳು ಹುಟ್ಟಿಕೊಂಡವು. ೧೯೦೨ರಲ್ಲಿ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿಯು ೧೯೦೮ರಲ್ಲಿ ರಾತ್ರಿಶಾಲೆಯನ್ನು ತೆರೆಯಿತು. ಬಿಲ್ಲವರ ಅಸೋಸಿಯೇಶನ್ ನಡೆಸಿದ ಗುರುನಾರಾಯಣ ರಾತ್ರಿ ಪ್ರೌಢಶಾಲೆಯೂ, ಕೋಟೆ ಪ್ರದೇಶದ ಇತರ ರಾತ್ರಿಶಾಲೆಗಳೂ ಇದೇ ಕಾರ್ಯವನ್ನು ಕೈಗೊಂಡವು.

ಈ ಶಾಲೆಗಳಲ್ಲಿ ಕಲಿತವರು ಮುಂದೆ ಗುಮಾಸ್ತರಾದರು, ಬ್ಯಾಂಕಿನ ಅಧಿಕಾರಿಗಳಾದರು, ವಕೀಲರಾದರು, ಸ್ವಂತ ಉದ್ಯಮಗಳನ್ನು ಕಟ್ಟಿದರು. ಬಿಲ್ಲವರ ಅಸೋಸಿಯೇಶನ್ನಿನ ಆಶ್ರಯದಲ್ಲಿ ೧೯೭೮ರಲ್ಲಿ ಭಾರತ್ ಸಹಕಾರಿ ಬ್ಯಾಂಕೇ ಸ್ಥಾಪನೆಯಾಯಿತು. ಉದ್ಯೋಗವನ್ನು ಅರಸಿ ಬಂದ ಸಮಾಜವೇ ಉದ್ಯೋಗವನ್ನು ಕೊಡುವ ಸಮಾಜವಾಗಿ ಬೆಳೆದ ಬಗೆ ಇದು.

ಆ ರಾತ್ರಿಶಾಲೆಯ ಯುವಕರು ಕಚೇರಿಯ ಮೇಜಿನ ಮುಂದೆ ನಿಂತಾಗ ಅವರ ಬಳಿ ಏನಿದ್ದಿತು? ಹರಕುಮುರುಕು ಇಂಗ್ಲಿಷು, ಒಂದು ಪ್ರಮಾಣಪತ್ರ, ಬಹುಶಃ ಬೆರಳಚ್ಚಿನ ಅಲ್ಪಸ್ವಲ್ಪ ಅಭ್ಯಾಸ. ಇವುಗಳ ಜೊತೆಗೆ ಇನ್ನೊಂದು ಸಂಪತ್ತು ಇದ್ದಿತು. ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹಾಜರಾಗುವುದು, ಹತ್ತು ಜನ ಗಿರಾಕಿಗಳ ಬೇಡಿಕೆಯನ್ನು ಮರೆಯದೆ ನೆನಪಿನಲ್ಲಿಡುವುದು, ಸಿಟ್ಟಾದವನನ್ನು ಸಮಾಧಾನಪಡಿಸುವುದು, ಕಾಸಿಗೆ ಕಾಸು ಲೆಕ್ಕ ಒಪ್ಪಿಸುವುದು, ಈ ಗುಣಗಳನ್ನು ದುಡಿಮೆ ಅವರಿಗೆ ಕಲಿಸಿದ್ದಿತು. ಯಾವ ಯಜಮಾನನೂ ಹುಡುಕುವುದು ಇವುಗಳನ್ನೇ.

ಇಂದು ಕಾಲ ಬದಲಾಗಿದೆ. ಜೋಗೇಶ್ವರಿ-ವಿಕ್ರೋಲಿ ಕೂಡುರಸ್ತೆಯ ಆ ತುದಿಯ ವಿಕ್ರೋಲಿಗೆ ಹೆಸರು ತಂದ ಗೋದ್ರೇಜ್ ಸಂಸ್ಥೆಯು ೧೯೫೫ರಲ್ಲಿ ಭಾರತದ ಮೊದಲ ಸ್ವದೇಶಿ ಬೆರಳಚ್ಚು ಯಂತ್ರವನ್ನು ತಯಾರಿಸಿತು; ಆ ಯಂತ್ರ ಈಗ ತಯಾರಾಗುತ್ತಿಲ್ಲ. ಬೆರಳಚ್ಚಿನ ಸ್ಥಾನಕ್ಕೆ ಕಂಪ್ಯೂಟರ್ ಬಂದಿದೆ. ನಮ್ಮ ಮಗ್ಗುಲಲ್ಲೇ ಅಂಧೇರಿಯ ಪೂರ್ವಭಾಗದಲ್ಲಿ ೧೯೭೩ರಲ್ಲಿ ಸ್ಥಾಪನೆಯಾದ ‘ಸೀಪ್ಜ್’ ರಫ್ತು ವಲಯವು ಮೊದಲು ಇಲೆಕ್ಟ್ರಾನಿಕ್ ವಸ್ತುಗಳಿಗೆ ಮೀಸಲಾಗಿದ್ದು, ಈಗ ಆಭರಣ ತಯಾರಿಕೆಗೂ ಸಾಫ್ಟ್‌ವೇರಿಗೂ ನೆಲೆಯಾಗಿದೆ. ಉಪಕರಣಗಳು ಬದಲಾದವು, ಯಜಮಾನನು ಹುಡುಕುವ ಗುಣಗಳು ಮಾತ್ರ ಬದಲಾಗಿಲ್ಲ.

೩. ಮೊದಲ ಸಿದ್ಧತೆ : ಸ್ವಂತ ಬಂಡವಾಳದ ಪಟ್ಟಿ

‘ನಿನ್ನಲ್ಲಿ ಯಾವ ಅನುಭವವಿದೆ?’ ಎಂದು ಕೇಳಿದರೆ ನಮ್ಮ ವಿದ್ಯಾರ್ಥಿಯು ‘ಏನೂ ಇಲ್ಲ’ ಎನ್ನುವನು. ಇದು ವಿನಯವಲ್ಲ, ಅಜ್ಞಾನ. ತಾಯಿಯೊಡನೆ ಮಹಿಳೆಯರ ಬಚತ್ ಗಟಕ್ಕೆ ಹೋಗಿ ತಿಂಗಳ ಲೆಕ್ಕ ಬರೆದುಕೊಡುವ ಹುಡುಗಿ ಇರುವಳು. ಚಿಕ್ಕಪ್ಪನ ಅಂಗಡಿಯಲ್ಲಿ ಸಂಜೆ ಗಲ್ಲೆಯ ಬಳಿ ಕೂರುವ ಕಾಲೇಜು ವಿದ್ಯಾರ್ಥಿ ಇರುವನು. ಚಾಳಿನ ಹಿರಿಯರಿಗೆ ಬ್ಯಾಂಕಿನ ಫಾರ್ಮು ತುಂಬಿಕೊಡುವವರು, ಕೆಳಗಿನ ತರಗತಿಯ ಮಕ್ಕಳಿಗೆ ಗಣಿತ ಹೇಳಿಕೊಡುವವರು, ಗಣೇಶೋತ್ಸವದ ವಂತಿಗೆಯ ರಸೀದಿ ಪುಸ್ತಕ ನೋಡಿಕೊಳ್ಳುವವರು ನಮ್ಮ ಪ್ರತಿಯೊಂದು ತರಗತಿಯಲ್ಲಿಯೂ ಇರುವರು. ಇವರು ಇದನ್ನೆಲ್ಲ ಮನೆಯ ಬಡತನದ ಗುರುತೆಂದು ಭಾವಿಸಿ ಮರೆಮಾಡುವರು. ನಿಜವಾಗಿ ಇವೇ ಅವರ ಯೋಗ್ಯತೆಯ ಸಾಕ್ಷ್ಯಗಳು.

ಆದುದರಿಂದ ಸಂದರ್ಶನದ ಸಿದ್ಧತೆಯನ್ನು ಇಂಗ್ಲಿಷ್ ವಾಕ್ಯಗಳ ಬಾಯಿಪಾಠದಿಂದ ಆರಂಭಿಸಬಾರದು. ಒಂದು ನೋಟು ಪುಸ್ತಕವನ್ನು ತೆಗೆದುಕೊಂಡು, ಕಳೆದ ಮೂರು ವರ್ಷಗಳಲ್ಲಿ ನೀವು ಕೈಯಾರೆ ಮಾಡಿದ ಹತ್ತು ಕೆಲಸಗಳನ್ನು ಕನ್ನಡದಲ್ಲಿಯೇ ಬರೆಯಿರಿ. ಅದು ಸಣ್ಣದು, ಇದು ದೊಡ್ಡದು ಎಂದು ಎಣಿಸಬೇಡಿ. ಪ್ರತಿಯೊಂದರ ಎದುರಿಗೆ, ಆ ಕೆಲಸಕ್ಕೆ ಯಾವ ಗುಣ ಬೇಕಾಯಿತೆಂಬುದನ್ನು ಒಂದೇ ಪದದಲ್ಲಿ ಸೂಚಿಸಿರಿ: ತಾಳ್ಮೆ, ಲೆಕ್ಕ, ಹೊಣೆಗಾರಿಕೆ, ಮಾತುಗಾರಿಕೆ, ಸಮಯಪಾಲನೆ, ಹೀಗೆ.

ಅನಂತರ ನೀವು ಅರ್ಜಿ ಹಾಕಿದ ಹುದ್ದೆಯ ಜಾಹೀರಾತನ್ನು ಎದುರಿಗಿಟ್ಟುಕೊಂಡು, ಆ ಹುದ್ದೆಗೆ ಬೇಕಾದ ಗುಣಗಳಿಗೆ ನಿಮ್ಮ ಪಟ್ಟಿಯ ಕೆಲಸಗಳನ್ನು ಜೋಡಿಸಿರಿ. ಸಂಸ್ಥೆಯು ಏನನ್ನು ತಯಾರಿಸುತ್ತದೆ ಅಥವಾ ಯಾವ ಸೇವೆ ಮಾಡುತ್ತದೆ, ಅದರ ಕಚೇರಿಗಳು ಎಲ್ಲಿವೆ, ಅದರ ಗಿರಾಕಿಗಳು ಯಾರು ಎಂಬುದನ್ನು ಅದರದೇ ಜಾಲತಾಣದಿಂದ ತಿಳಿದುಕೊಳ್ಳಿರಿ. ಯಾವ ಅಂಗಡಿಗೆ ಬಂದಿರುವೆನೆಂಬುದನ್ನೇ ಅರಿಯದ ಉಮೇದುವಾರನಿಗೆ ಆ ಅಂಗಡಿಯ ಕೀಲಿಕೈಯನ್ನು ಯಾರು ತಾನೆ ಕೊಡುವರು?

ನಿಮ್ಮ ಊರಿನ ವಿಷಯವನ್ನೂ ಬಲ್ಲವರಾಗಿರಬೇಕು. ‘ಜೋಗೇಶ್ವರಿಯಿಂದ ಬಂದಿರುವಿರಾ? ಆ ಹೆಸರು ಹೇಗೆ ಬಂದಿತು?’ ಎಂದು ಸಂದರ್ಶಕರು ಸಹಜವಾಗಿ ಕೇಳಬಹುದು. ಇಲ್ಲಿಯ ಗುಹಾದೇವಾಲಯವು ಸುಮಾರು ಆರನೆಯ ಶತಮಾನದ್ದೆಂದು ವಿದ್ವಾಂಸರ ಮತ. ಆ ಗುಹೆಯಲ್ಲಿ ಪೂಜೆಗೊಳ್ಳುವ ದೇವಿಯ ಹೆಸರೇ ಊರಿಗೆ ಬಂದಿದೆ. ಇಷ್ಟನ್ನು ಹೇಳಬಲ್ಲವನು, ತನ್ನ ಸುತ್ತಣ ಜಗತ್ತನ್ನು ಕಣ್ತೆರೆದು ನೋಡುವವನೆಂಬ ಅಭಿಪ್ರಾಯವನ್ನು ಮೂಡಿಸುವನು.

೪. ಉತ್ತರವನ್ನು ಕಟ್ಟುವ ಕ್ರಮ

ಒಳ್ಳೆಯ ಉತ್ತರಕ್ಕೆ ನಾಲ್ಕು ಅಂಗಗಳಿರುತ್ತವೆ: ಸಂದರ್ಭ, ಹೊಣೆ, ಕೃತಿ, ಫಲ. ಸಂದರ್ಭ ಯಾವುದಾಗಿತ್ತು, ನನ್ನ ಹೊಣೆ ಏನಾಗಿತ್ತು, ನಾನು ಏನು ಮಾಡಿದೆ, ಅದರಿಂದ ಏನಾಯಿತು ಎಂಬ ಈ ಕ್ರಮವನ್ನು ಕರತಲಾಮಲಕವಾಗಿಸಿಕೊಂಡರೆ ಯಾವ ಪ್ರಶ್ನೆಗೂ ಅಂಜಬೇಕಾಗಿಲ್ಲ.

‘ನೀವು ಕಷ್ಟವೊಂದನ್ನು ಬಗೆಹರಿಸಿದ ಉದಾಹರಣೆ ಹೇಳಿ’ ಎಂಬ ಪ್ರಶ್ನೆಯನ್ನು ತೆಗೆದುಕೊಳ್ಳೋಣ. ಒಬ್ಬನು ಹೀಗೆ ಉತ್ತರಿಸುವನು: ‘ನಾನು ಬಹಳ ಕಷ್ಟಪಟ್ಟು ದುಡಿಯುವವನು. ಯಾವ ಕಷ್ಟ ಬಂದರೂ ಧೈರ್ಯಗೆಡುವುದಿಲ್ಲ.’ ಇದರಲ್ಲಿ ಸುಳ್ಳಿಲ್ಲದಿರಬಹುದು. ಆದರೆ ಸಾಕ್ಷ್ಯವೂ ಇಲ್ಲ. ಇದೇ ಮಾತನ್ನು ಯಾರು ಬೇಕಾದರೂ ಹೇಳಬಹುದು.

ಇನ್ನೊಬ್ಬನು ಹೀಗೆ ಹೇಳುವನು: ‘ಕಾಲೇಜಿಗೆ ಹೋಗುತ್ತ ನಾನು ಎರಡು ವರ್ಷ ಸಂಜೆಯ ಹೊತ್ತು ಒಂದು ಹೋಟೆಲಿನ ಗಲ್ಲೆಯಲ್ಲಿ ಕೆಲಸ ಮಾಡಿದೆ. ರಾತ್ರಿ ಲೆಕ್ಕ ಮುಗಿಸುವುದು ನನ್ನ ಹೊಣೆಯಾಗಿತ್ತು. ಬಿಲ್ಲುಗಳ ಮೊತ್ತವೂ ಬಂದ ಹಣವೂ ಆಗಾಗ ತಾಳೆಯಾಗುತ್ತಿರಲಿಲ್ಲ. ನಾನು ಪಾರ್ಸಲ್ ಬಿಲ್ಲುಗಳನ್ನು ಬೇರೆ ಕಟ್ಟಿಟ್ಟೆ. ಮೊಬೈಲ್ ಮೂಲಕ ಬಂದ ಹಣವನ್ನು ಬೇರೆ ಪುಟದಲ್ಲಿ ಬರೆದೆ. ಒಂದು ತಿಂಗಳೊಳಗೆ ತಪ್ಪು ಪಾರ್ಸಲ್ ಬಿಲ್ಲುಗಳಲ್ಲಿದೆಯೆಂದು ತಿಳಿಯಿತು. ಅಂದಿನಿಂದ ಲೆಕ್ಕ ಸರಿಹೋಯಿತು.’ ಇಲ್ಲಿ ಆತ್ಮಪ್ರಶಂಸೆಯ ಒಂದು ಪದವೂ ಇಲ್ಲ. ಆದರೂ ಇವನು ಪ್ರಾಮಾಣಿಕನು, ವಿವೇಚನೆಯುಳ್ಳವನು, ಕೈಗೊಂಡುದನ್ನು ಮುಗಿಸುವವನು ಎಂದು ಕೇಳುವವರು ತಾವಾಗಿಯೇ ತೀರ್ಮಾನಿಸುವರು. ಹೋಟೆಲಿನ ಕೆಲಸವನ್ನು ಮುಚ್ಚಿಟ್ಟಿದ್ದರೆ ಇವನ ಬಳಿ ಹೇಳಲು ಏನು ಉಳಿಯುತ್ತಿತ್ತು?

ಸಾಮಾನ್ಯವಾಗಿ ಕೇಳುವ ಇತರ ಪ್ರಶ್ನೆಗಳನ್ನೂ ಇಲ್ಲಿ ಗಮನಿಸಬಹುದು.

‘ನಿಮ್ಮ ವಿಷಯವನ್ನು ಹೇಳಿ.’ ಇದು ಬಹುಮಟ್ಟಿಗೆ ಮೊದಲ ಪ್ರಶ್ನೆ. ಅರ್ಜಿಯಲ್ಲಿರುವುದನ್ನೇ ಓದಿ ಒಪ್ಪಿಸಬಾರದು. ಕುಟುಂಬದ ವಂಶಾವಳಿಯನ್ನೂ ಹೇಳಬೇಕಾಗಿಲ್ಲ. ಓದು ಯಾವುದು, ಮಾಡಿದ ಕೆಲಸ ಯಾವುದು, ಈ ಹುದ್ದೆಯ ಕಡೆಗೆ ಏಕೆ ಬಂದಿರಿ ಎಂಬ ಮೂರು ಅಂಶಗಳನ್ನು ಒಂದೂವರೆ ನಿಮಿಷದೊಳಗೆ ಹೇಳಿ ನಿಲ್ಲಿಸಬೇಕು.

‘ನಿಮ್ಮಲ್ಲಿರುವ ದೋಷವೇನು?’ ‘ನಾನು ಅತಿಯಾಗಿ ದುಡಿಯುತ್ತೇನೆ’ ಎಂಬಂತಹ ಜಾಣ ಉತ್ತರಗಳು ಸಂದರ್ಶಕರಿಗೆ ಹಳಸಿಹೋಗಿವೆ. ಒಂದು ನಿಜವಾದ ಕೊರತೆಯನ್ನೂ, ಅದನ್ನು ನೀಗಲು ಕೈಗೊಂಡಿರುವ ಪ್ರಯತ್ನವನ್ನೂ ಹೇಳುವುದು ಉಚಿತ.

‘ಎಷ್ಟು ಸಂಬಳವನ್ನು ನಿರೀಕ್ಷಿಸುವಿರಿ?’ ಅಂತಹ ಹುದ್ದೆಗೆ ಆ ಪ್ರದೇಶದಲ್ಲಿ ಎಷ್ಟು ಕೊಡುವರೆಂದು ಮೊದಲೇ ವಿಚಾರಿಸಿಕೊಂಡಿದ್ದರೆ ಉತ್ತರ ಸುಲಭ. ನಾಚಿಕೆಯಿಂದ ‘ನೀವು ಕೊಟ್ಟಷ್ಟು’ ಎನ್ನುವುದೂ ಸರಿಯಲ್ಲ, ಬಾಯಿಗೆ ಬಂದ ಮೊತ್ತವನ್ನು ಹೇಳುವುದೂ ಸರಿಯಲ್ಲ.

‘ಮದುವೆಯಾದ ಮೇಲೆ ಕೆಲಸ ಬಿಡುವಿರಾ?’ ಹುಡುಗಿಯರಿಗೆ ಈ ಪ್ರಶ್ನೆ ಇಂದಿಗೂ ಬರುವುದುಂಟು. ಇದು ನ್ಯಾಯವಾದ ಪ್ರಶ್ನೆಯಲ್ಲ. ಹುಡುಗರನ್ನು ಯಾರೂ ಹೀಗೆ ಕೇಳುವುದಿಲ್ಲ. ಆದರೂ ಕೆರಳದೆ, ‘ನಾನು ಈ ಉದ್ಯೋಗದಲ್ಲಿ ಮುಂದುವರಿಯಬೇಕೆಂದೇ ಓದಿದ್ದೇನೆ’ ಎಂದು ಶಾಂತವಾಗಿ ಹೇಳಿ ಮಾತನ್ನು ಕೆಲಸದ ಕಡೆಗೆ ತಿರುಗಿಸುವುದು ಜಾಣತನ.

ಉತ್ತರ ತಿಳಿಯದಿದ್ದಾಗ ಏನು ಮಾಡಬೇಕು? ಇದಕ್ಕೆ ಒಂದು ಸ್ವಾರಸ್ಯವಾದ ನಿದರ್ಶನವಿದೆ. ವಿದ್ಯುದ್ದೀಪದಿಂದ ಪ್ರಖ್ಯಾತರಾದ ಥಾಮಸ್ ಎಡಿಸನ್ನರು ತಮ್ಮಲ್ಲಿಗೆ ಕೆಲಸ ಕೇಳಿಕೊಂಡು ಬಂದವರಿಗೆ ನೂರಕ್ಕೂ ಹೆಚ್ಚು ಪ್ರಶ್ನೆಗಳ ಪಟ್ಟಿಯೊಂದನ್ನು ಕೊಡುತ್ತಿದ್ದರು. ಫ್ರಾನ್ಸಿನ ಗಡಿದೇಶಗಳು ಯಾವುವು, ಉತ್ತಮವಾದ ಹತ್ತಿ ಎಲ್ಲಿ ಬೆಳೆಯುತ್ತದೆ ಎಂಬಂತಹ ಪ್ರಶ್ನೆಗಳು ಅದರಲ್ಲಿದ್ದವು. ೧೯೨೧ರಲ್ಲಿ ಆ ಪಟ್ಟಿ ಪತ್ರಿಕೆಗಳಲ್ಲಿ ಪ್ರಕಟವಾಗಿ ದೊಡ್ಡ ಚರ್ಚೆಯಾಯಿತು. ಅದೇ ವರ್ಷ ಅಮೆರಿಕಕ್ಕೆ ಬಂದಿದ್ದ ವಿಜ್ಞಾನಿ ಐನ್‌ಸ್ಟೈನರನ್ನು, ಶಬ್ದದ ವೇಗವೆಷ್ಟೆಂದು ಕೇಳಿದರು. ಪುಸ್ತಕಗಳಲ್ಲಿ ಸುಲಭವಾಗಿ ಸಿಗುವ ಅಂತಹ ಸಂಗತಿಯನ್ನು ತಾವು ತಲೆಯಲ್ಲಿ ಹೊತ್ತುಕೊಂಡು ತಿರುಗುವುದಿಲ್ಲವೆಂದು ಅವರು ತಿಳಿಸಿದರು. ‘ತಿಳಿಯದು’ ಎನ್ನಲು ಅಷ್ಟು ದೊಡ್ಡ ವಿಜ್ಞಾನಿಯೇ ನಾಚಲಿಲ್ಲ. ನಾವಾದರೂ ಐನ್‌ಸ್ಟೈನರಲ್ಲ, ಆದುದರಿಂದ ‘ಕ್ಷಮಿಸಿ, ಈಗ ತಿಳಿಯದು, ತಿಳಿದುಕೊಳ್ಳುತ್ತೇನೆ’ ಎಂದು ವಿನಯದಿಂದ ಹೇಳಬೇಕು. ಊಹೆಯನ್ನು ಜ್ಞಾನವೆಂದು ನಟಿಸುವವನು ಒಂದು ಪ್ರಶ್ನೆಯನ್ನಲ್ಲ, ವಿಶ್ವಾಸವನ್ನೇ ಕಳೆದುಕೊಳ್ಳುವನು.

೫. ಭಾಷೆಯ ಪ್ರಶ್ನೆ

ಈಗ ಎಲ್ಲರನ್ನೂ ಕಾಡುವ ಭಾಷೆಯ ವಿಷಯಕ್ಕೆ ಬರೋಣ. ಮುಂಬಯಿಯ ಅನೇಕ ಕಚೇರಿಗಳ ವ್ಯವಹಾರ ಇಂಗ್ಲಿಷಿನಲ್ಲಿ ನಡೆಯುವುದೆಂಬುದನ್ನು ಅಲ್ಲಗಳೆಯಲಾಗದು. ಇಂಗ್ಲಿಷನ್ನು ಶ್ರದ್ಧೆಯಿಂದ ಕಲಿಯಲೇಬೇಕು. ಆದರೆ ಇಂಗ್ಲಿಷಿನ ಅಭ್ಯಾಸ ಬೇರೆ, ಇಂಗ್ಲಿಷಿನ ಭಯ ಬೇರೆ.

ಭಯಪಟ್ಟವನು ಯಾರೋ ಬರೆದುಕೊಟ್ಟ ದೊಡ್ಡ ದೊಡ್ಡ ವಾಕ್ಯಗಳನ್ನು ಉರುಹೊಡೆದು ಹೋಗುವನು. ನಡುವೆ ಒಂದು ಪದ ಮರೆತರೆ ಇಡೀ ಕಟ್ಟಡವೇ ಕುಸಿಯುವುದು. ಅದಕ್ಕೆ ಬದಲಾಗಿ, ಮೊದಲು ಕನ್ನಡದಲ್ಲಿ ಯೋಚಿಸಿ ಬರೆದ ಉತ್ತರವನ್ನು ಐದಾರು ಪದಗಳ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಲು ಅಭ್ಯಾಸ ಮಾಡಬೇಕು. ವಿಷಯ ಸ್ವಂತದ್ದಾದರೆ ಪದ ಮರೆತರೂ ಬೇರೆ ಪದ ಒದಗುವುದು. ‘ಮೈಸೆಲ್ಫ್ ಇಂತಹವನು’ ಎಂದು ಪರಿಚಯ ಮಾಡಿಕೊಳ್ಳುವ ರೂಢಿ ತಪ್ಪು. ‘ಐ ಆಮ್’ ಎಂದರೆ ಸಾಕು. ಉಚ್ಚಾರಣೆಯಲ್ಲಿಯೂ ನಮ್ಮವರು ಗಮನಿಸಬೇಕಾದ ಕೆಲವು ಅಂಶಗಳುಂಟು. ‘ಎಂಟ್ರಿ’ ಎಂಬುದು ನಮ್ಮ ಬಾಯಲ್ಲಿ ‘ಯೆಂಟ್ರಿ’ ಆಗುತ್ತದೆ; ‘ಓನ್ಲಿ’ ಎಂಬುದು ‘ವೋನ್ಲಿ’ ಆಗುತ್ತದೆ; ‘ಆಫೀಸು’ ‘ಆಪೀಸು’ ಆಗುತ್ತದೆ. ದಿನಕ್ಕೆ ಕಾಲು ಗಂಟೆ ಇಂಗ್ಲಿಷ್ ಪತ್ರಿಕೆಯನ್ನು ಗಟ್ಟಿಯಾಗಿ ಓದಿದರೆ ಇವು ತಿದ್ದಿಕೊಳ್ಳುವಂಥವೇ. ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಬೇಕೆಂದು ಕೋರುವುದರಲ್ಲಿ ಅವಮಾನವಿಲ್ಲ. ಅರ್ಥವಾಗದ ಪ್ರಶ್ನೆಗೆ ಉತ್ತರ ಕೊಡುವುದರಲ್ಲಿ ಅಪಾಯವಿದೆ.

‘ನೀವು ಕನ್ನಡ ಮಾಧ್ಯಮದಲ್ಲಿ ಏಕೆ ಓದಿದಿರಿ?’ ಎಂದು ಕೇಳಿದರೆ ತಲೆ ತಗ್ಗಿಸಬೇಕಾಗಿಲ್ಲ. ‘ನನ್ನ ಮನೆಮಾತಿನಲ್ಲಿ ಓದಿದುದರಿಂದ ವಿಜ್ಞಾನವನ್ನೂ ಗಣಿತವನ್ನೂ ಅರ್ಥ ಮಾಡಿಕೊಂಡು ಕಲಿತೆ. ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ನಾಲ್ಕನ್ನೂ ಓದಿ ಬರೆಯಬಲ್ಲೆ’ ಎಂದು ಹೇಳಿರಿ. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡುವವರಿಗೆ ಐದನೆಯ ಭಾಷೆಯೂ ಬರುವುದು. ಗಿರಾಕಿಗಳೊಡನೆ ವ್ಯವಹರಿಸುವ ಬ್ಯಾಂಕು, ವಿಮೆ, ಆಸ್ಪತ್ರೆ, ವಿಮಾನ ನಿಲ್ದಾಣ ಮುಂತಾದ ಸ್ಥಳಗಳಲ್ಲಿ ಇದು ಅಲ್ಪವಾದ ಅರ್ಹತೆಯಲ್ಲ. ಕೇಂದ್ರ ಲೋಕಸೇವಾ ಆಯೋಗವು ತನ್ನ ವ್ಯಕ್ತಿತ್ವ ಪರೀಕ್ಷೆಯನ್ನು ಕನ್ನಡದಂತಹ ಭಾರತೀಯ ಭಾಷೆಯಲ್ಲಿ ಎದುರಿಸಲು ಅವಕಾಶವಿತ್ತಿದೆ. ರೈಲ್ವೆ ನೇಮಕಾತಿ ಪರೀಕ್ಷೆಗಳನ್ನೂ ಕನ್ನಡದಲ್ಲಿ ಬರೆಯಬಹುದು. ದೇಶದ ಉನ್ನತ ಸೇವೆಗೇ ಕನ್ನಡವು ಅಡ್ಡಿಯಾಗದಿರುವಾಗ, ನಾವು ಅದನ್ನು ದೋಷವೆಂದು ಬಗೆಯುವುದು ಸಲ್ಲದು.

೬. ಮುನ್ನಾದಿನ ಮತ್ತು ಆ ದಿನ

ಕಾಗದಪತ್ರಗಳನ್ನು ಮುನ್ನಾದಿನವೇ ಜೋಡಿಸಿಡಬೇಕು. ಕರೆಪತ್ರ, ಅಂಕಪಟ್ಟಿಗಳು, ಶಾಲೆ ಬಿಟ್ಟ ಪ್ರಮಾಣಪತ್ರ, ಗುರುತಿನ ಚೀಟಿ, ಭಾವಚಿತ್ರಗಳು, ಎರಡು ಪೆನ್ನುಗಳು ಇಷ್ಟೂ ಒಂದೇ ಕಡತದಲ್ಲಿರಲಿ. ಎಲ್ಲ ಪತ್ರಗಳಲ್ಲಿಯೂ ಹೆಸರಿನ ಅಕ್ಷರಗಳು ಒಂದೇ ರೀತಿಯಾಗಿವೆಯೇ ಎಂಬುದನ್ನು ಶಾಲಾ ದಿನಗಳಲ್ಲಿಯೇ ನೋಡಿಕೊಳ್ಳುವುದು ಒಳ್ಳೆಯದು. ಊರಿನ ಹೆಸರು, ತಂದೆಯ ಹೆಸರು, ಮನೆತನದ ಹೆಸರುಗಳು ಒಂದೊಂದು ಪತ್ರದಲ್ಲಿ ಒಂದೊಂದು ಕ್ರಮದಲ್ಲಿದ್ದು ತೊಂದರೆಗೊಳಗಾಗುವ ಕನ್ನಡಿಗರು ಈ ನಗರದಲ್ಲಿ ಬಹಳ ಮಂದಿ.

ಉಡುಪು ದುಬಾರಿಯಾಗಬೇಕಾಗಿಲ್ಲ, ಒಗೆದು ಇಸ್ತ್ರಿ ಮಾಡಿದ್ದರೆ ಸಾಕು. ಮಳೆಗಾಲದಲ್ಲಿ ಕಡತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಇಡುವುದನ್ನು ಮರೆಯಬಾರದು.

ಪ್ರಯಾಣವನ್ನೂ ಲೆಕ್ಕ ಹಾಕಬೇಕು. ಜೋಗೇಶ್ವರಿಯಿಂದ ಚರ್ಚ್‌ಗೇಟಿಗೆ ನಿಧಾನದ ಗಾಡಿಯಲ್ಲಿ ಸುಮಾರು ಒಂದು ಗಂಟೆ ಬೇಕು. ವೇಗದ ಗಾಡಿಗಾಗಿ ಅಂಧೇರಿಯಲ್ಲಿ ಇಳಿದು ಹತ್ತಬೇಕು. ೨೦೧೮ರಿಂದ ಹಾರ್ಬರ್ ಮಾರ್ಗದ ಗಾಡಿಗಳೂ ಇಲ್ಲಿ ನಿಲ್ಲುತ್ತಿವೆ. ೨೦೨೪ರ ಅಕ್ಟೋಬರಿನಿಂದ ಆರೆ ನಿಲ್ದಾಣದಿಂದ ಬಾಂದ್ರಾ-ಕುರ್ಲಾ ಸಂಕೀರ್ಣಕ್ಕೆ ನೆಲದಡಿಯ ಮೆಟ್ರೋ ಓಡತೊಡಗಿದೆ. ಭಾನುವಾರ ರೈಲ್ವೆಯ ಬ್ಲಾಕ್ ಇದೆಯೇ ಎಂದು ವಿಚಾರಿಸಿಕೊಳ್ಳಬೇಕು. ಜೋರು ಮಳೆಗೆ ಅಂಧೇರಿಯ ಸಬ್‌ವೇ ಮುಳುಗುವುದೂ ನಮಗೆಲ್ಲ ತಿಳಿದದ್ದೇ. ಸಾಧ್ಯವಾದರೆ ಹಿಂದಿನ ದಿನವೇ ಒಮ್ಮೆ ಹೋಗಿ ಸ್ಥಳವ��್ನು ನೋಡಿ ಬರುವುದು ಉತ್ತಮ. ಅರ್ಧ ಗಂಟೆ ಮುಂಚಿತವಾಗಿ ತಲಪಿದವನಿಗೆ ಬೆವರು ಆರಲೂ, ಮನಸ್ಸು ನೆಲೆಗೊಳ್ಳಲೂ ಸಮಯ ದೊರೆಯುವುದು.

ಈಚೆಗೆ ಮೊಬೈಲ್ ಅಥವಾ ಕಂಪ್ಯೂಟರ್ ಮೂಲಕವೇ ಸಂದರ್ಶನ ನಡೆಯುವುದುಂಟು. ಒಂದೇ ಕೋಣೆಯ ಮನೆಯಲ್ಲಿ ಇದು ಕಷ್ಟ. ಅಂತಹವರು ಸ್ನೇಹಿತರ ಮನೆಯನ್ನೋ ಶಾಂತವಾದ ಬೇರೊಂದು ಸ್ಥಳವನ್ನೋ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಬೆಳಕು ಮುಖದ ಮೇಲೆ ಬೀಳುವಂತೆ ಕುಳಿತು, ಮೊಬೈಲನ್ನು ಅಲುಗಾಡದಂತೆ ಇಟ್ಟು, ಹಿಂದಿನ ದಿನವೇ ಒಮ್ಮೆ ಪರೀಕ್ಷಿಸಿ ನೋಡಬೇಕು.

ಒಳಗೆ ಹೋದಾಗ ನಮಸ್ಕರಿಸಿ, ಹೇಳಿದ ಮೇಲೆ ಕುಳಿತುಕೊಳ್ಳಬೇಕು. ಪ್ರಶ್ನೆಯನ್ನು ಪೂರ್ತಿಯಾಗಿ ಕೇಳಿಸಿಕೊಂಡು, ಕ್ಷಣಕಾಲ ಯೋಚಿಸಿ ಉತ್ತರಿಸಬೇಕು. ಕೊನೆಯಲ್ಲಿ ‘ನೀವೇನಾದರೂ ಕೇಳುವುದಿದೆಯೇ?’ ಎಂದಾಗ, ಕೆಲಸದ ವೇಳೆ, ತರಬೇತಿ, ಮುಂದಿನ ಬೆಳವಣಿಗೆ ಇವುಗಳನ್ನು ಕುರಿತು ಕೇಳಬಹುದು. ಅವರು ನಮ್ಮನ್ನು ನೋಡುವಂತೆ ನಾವೂ ಅವರನ್ನು ನೋಡಲು ಬಂದಿರುವೆವು.

೭. ವಂಚಕರ ವಿಷಯದಲ್ಲಿ ಎಚ್ಚರ

ಉದ್ಯೋಗದ ಹಸಿವನ್ನೇ ಬಂಡವಾಳ ಮಾಡಿಕೊಂಡ ವಂಚಕರು ಈ ಮಹಾನಗರದಲ್ಲಿ ಕಡಿಮೆಯಿಲ್ಲ. ನೋಂದಣಿ, ಸಮವಸ್ತ್ರ, ತರಬೇತಿ, ಠೇವಣಿ ಎಂಬ ನಾನಾ ಹೆಸರುಗಳಿಂದ ಹಣ ಕೇಳುವರು. ಒಂದು ಸೂತ್ರವನ್ನು ಮನಸ್ಸಿನಲ್ಲಿಡಿ: ಕೆಲಸ ಕೊಡುವವನು ಸಂಬಳ ಕೊಡುತ್ತಾನೆ, ಅವನು ನಿಮ್ಮಿಂದ ಹಣ ಕೇಳಿದರೆ ಅಲ್ಲಿ ಕೆಲಸವಿಲ್ಲ. ಸರ್ಕಾರಿ ಪರೀಕ್ಷೆಗಳಿಗೆ ಶುಲ್ಕವಿರುವುದಾದರೂ ಅದನ್ನು ಅಧಿಕೃತ ಜಾಲತಾಣದಲ್ಲಿ ಮಾತ್ರ ಕಟ್ಟಬೇಕು. ಮೂಲ ಪ್ರಮಾಣಪತ್ರಗಳನ್ನು ತೋರಿಸಬಹುದೇ ಹೊರತು ಯಾರ ಕೈಯಲ್ಲೂ ಬಿಟ್ಟುಬರಬಾರದು. ಮೊಬೈಲಿಗೆ ಬರುವ ಗುಪ್ತ ಅಂಕಿಗಳನ್ನು ಯಾರಿಗೂ ತಿಳಿಸಬಾರದು. ಅಪರಿಚಿತ ಸ್ಥಳಕ್ಕೆ ಹೋಗುವಾಗ, ಮುಖ್ಯವಾಗಿ ಹುಡುಗಿಯರು, ಮನೆಯವರಿಗೆ ವಿಳಾಸ ತಿಳಿಸಿ ಹೋಗಬೇಕು. ಹಣ ಕಳೆದುಕೊಂಡರೆ ನಾಚಿ ಸುಮ್ಮನಿರದೆ, ತಡಮಾಡದೆ ೧೯೩೦ ಎಂಬ ಸಹಾಯವಾಣಿಗೆ ದೂರು ಕೊಡಬೇಕು.

೮. ಸೋಲು ಗೆಲುವು

ಎಷ್ಟು ಸಿದ್ಧತೆ ಮಾಡಿದರೂ ಒಂದು ಹುದ್ದೆಗೆ ಐವತ್ತು ಮಂದಿ ಬಂದಾಗ ನಲವತ್ತೊಂಬತ್ತು ಮಂದಿ ಮರಳಲೇಬೇಕು. ಮರಳಿದ ನಲವತ್ತೊಂಬತ್ತು ಮಂದಿಯೂ ಅಯೋಗ್ಯರಲ್ಲ. ಅಂದಿನ ಸಂಜೆಯೇ ಕೇಳಿದ ಪ್ರಶ್ನೆಗಳನ್ನು ನೋಟು ಪುಸ್ತಕದಲ್ಲಿ ಬರೆದಿಟ್ಟು, ಎಲ್ಲಿ ಉತ್ತರ ತೊಡರಿತೆಂಬುದನ್ನು ಗುರುತಿಸಿಕೊಂಡರೆ ಆ ಸಂದರ್ಶನವು ಮುಂದಿನದಕ್ಕೆ ಪಾಠವಾಗುವುದು. ಕೆಲಸ ದೊರೆಯಲಿಲ್ಲವೆಂದು ಮನೆಯವರಿಂದ ಮುಚ್ಚಿಡುವುದಾಗಲಿ, ತನ್ನನ್ನು ತಾನೇ ಹಳಿದುಕೊಳ್ಳುವುದಾಗಲಿ ತರವಲ್ಲ. ಪಾಲಕರೂ ಆ ದಿನ ಮಕ್ಕಳಿಗೆ ಊಟ ಬಡಿಸಿದ ಮೇಲೆ ಮಾತನಾಡಿಸಬೇಕೆಂದು ನಮ್ಮ ವಿನಂತಿ.

ಹಗಲು ತಟ್ಟೆ ತೊಳೆದು ರಾತ್ರಿ ಓದಿದವರ ಪರಂಪರೆ ನಮ್ಮದು. ಅವರ ದುಡಿಮೆಯನ್ನು ನೆನೆದು ಹೆಮ್ಮೆಪಡುವ ನಾವು, ನಮ್ಮ ದುಡಿಮೆಯನ್ನು ಹೇಳಿಕೊಳ್ಳಲು ನಾಚಬೇಕೇಕೆ? ಕಂಡದ್ದನ್ನು ಕಂಡಂತೆ, ಮಾಡಿದ್ದನ್ನು ಮಾಡಿದಷ್ಟೇ, ಕ್ರಮವಾಗಿಯೂ ನಿರ್ಭಯವಾಗಿಯೂ ಹೇಳಬಲ್ಲವನೇ ಸಂದರ್ಶನಕ್ಕೆ ಸಿದ್ಧನಾದವನು. ಆ ಸಿದ್ಧತೆಗೆ ಇಂದಿನ ಹತ್ತನೆಯ ತರಗತಿಯೇ ಸಕಾಲ.

ಅಭ್ಯಾಸ

೧. ಕಳೆದ ಒಂದು ವರ್ಷದಲ್ಲಿ ನೀವು ಮನೆಯಲ್ಲಿ, ಶಾಲೆಯಲ್ಲಿ ಅಥವಾ ನೆರೆಹೊರೆಯಲ್ಲಿ ಹೊತ್ತ ಐದು ಹೊಣೆಗಳನ್ನು ಬರೆಯಿರಿ. ಪ್ರತಿಯೊಂದಕ್ಕೂ ಬೇಕಾದ ಗುಣವನ್ನು ಹೆಸರಿಸಿರಿ.

೨. ಅವುಗಳಲ್ಲಿ ಒಂದನ್ನು ಸಂದರ್ಭ, ಹೊಣೆ, ಕೃತಿ, ಫಲ ಎಂಬ ಕ್ರಮದಲ್ಲಿ ಎಂಟು ವಾಕ್ಯಗಳಲ್ಲಿ ಕನ್ನಡದಲ್ಲಿ ಬರೆದು, ಅನಂತರ ಇಂಗ್ಲಿಷಿನಲ್ಲಿ ಹೇಳಿರಿ.

೩. ‘ಕನ್ನಡ ಮಾಧ್ಯಮದಲ್ಲಿ ಏಕೆ ಓದಿದಿರಿ?’ ಎಂಬ ಪ್ರಶ್ನೆಗೆ ನಿಮ್ಮ ಸ್ವಂತ ಉತ್ತರವನ್ನು ಬರೆಯಿರಿ.

೪. ಮೂವರು ಸಹಪಾಠಿಗಳು ಸಂದರ್ಶಕರಾಗಿ, ಒಬ್ಬರು ಉಮೇದುವಾರರಾಗಿ ತರಗತಿಯಲ್ಲಿ ಹತ್ತು ನಿಮಿಷಗಳ ಸಂದರ್ಶನವನ್ನು ನಡೆಸಿರಿ. ಉಳಿದವರು ಒಂದು ಗುಣವನ್ನೂ ಒಂದು ದೋಷವನ್ನೂ ಸೂಚಿಸಲಿ.

೫. ನಿಮ್ಮ ಚಾಳಿನಲ್ಲಿ ಅಥವಾ ಬಂಧುಗಳಲ್ಲಿ ರಾತ್ರಿಶಾಲೆಯಲ್ಲಿ ಓದಿದ ಹಿರಿಯರಿದ್ದರೆ, ಅವರು ತಮ್ಮ ಮೊದಲ ನೌಕರಿಯನ್ನು ಪಡೆದ ಬಗೆಯನ್ನು ಕೇಳಿ ಬರೆಯಿರಿ.